‘ಹೊಳ್ಳೂಣು’ ಅಂದರೆ ಹೊಳ್ಳೋದೇ

ಎರಡು ಚಳಿಗಾಲದ ಹಿಂದೆ ನಾನೂ ನನ್ನ ಶಿರಸಿಯ ಗೆಳೆಯನೂ ಹಿಮದ ಕಾಡಿನಲ್ಲಿ ಒಂದು ಚಂದದ ಜಾಗ ಹುಡುಕಿ, ಕೂತು ಚಿತ್ರಾನ್ನ ತಿಂದಿದ್ದೆವು. ಸುತ್ತ ದಟ್ಟ ಮರ. ಅದೊಂದು ಕಡೆ ಮಾತ್ರ ಬೆಟ್ಟದ ನೆತ್ತಿಯಿಂದ ಕಣಿವೆಯ ತನಕ ಬೈತಲೆ ತೆಗೆದ ಹಾಗೆ ಬಿಳಿ ಪಟ್ಟಿ. ಬಿಸಿಲು ಬೀಳುತ್ತಿತ್ತು. ಎದುರಿಗೆ ಡೆನ್ನಿ ಮೌಂಟನ್ ಪೂರ್ತಿ ಕಾಣುತ್ತಿತ್ತು. ಅರ್ಧ ಗಂಟೆ ಕೂತೆವು, ಫೋಟೋ ತೆಗೆದೆವು, ಊರಿಗೆ ಕಳಿಸಿದೆವು. ಸುತ್ತಲೆಲ್ಲ ಇರುವ ಮರ ಇಲ್ಲಿ ಮಾತ್ರ ಯಾಕಿಲ್ಲ ಅಂತ ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆ ಜಾಗ ಇರುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕ್ಯಾಸ್ಕೇಡ್ ಪರ್ವತಗಳ ಸ್ನೋಕ್ವಾಲ್ಮಿ ಪಾಸ್ ಹತ್ತಿರ. ನಾವಿರುವ ಬೆಲ್‌ವ್ಯೂದಿಂದ ಐ-90 ಹೆದ್ದಾರಿ ಹಿಡಿದರೆ ಒಂದು ಗಂಟೆಯೊಳಗೆ ಘಟ್ಟದ ಮೇಲಿರುತ್ತೇವೆ. ಎತ್ತರ 3,022 ಅಡಿ, ಅಂದರೆ 921 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೂ ಇಲ್ಲ. ಆದರೆ ಆಗುಂಬೆಯಲ್ಲಿ ಅರಬ್ಬೀ ಸಮುದ್ರದ ಮೋಡ ಘಟ್ಟಕ್ಕೆ ತಗುಲಿ ಹೇಗೆ ಸುರಿಯುತ್ತೋ, ಇಲ್ಲಿ ಪೆಸಿಫಿಕ್ ಸಾಗರದ ಮೋಡ ಹಾಗೆ ಸುರಿಯುತ್ತೆ. ಚಳಿಗಾಲವಿಡೀ ಹಿಮವಾಗಿ ಸುರಿಯುತ್ತೆ. ನಡುನಡುವೆ ಮಳೆಯಾಗಿಯೂ ಸುರಿಯುತ್ತೆ. ಆ ಮಳೆಯೇ ಇಲ್ಲಿನ ದೊಡ್ಡ ತೊಡಕು. ಅದಕ್ಕೆ ಆಮೇಲೆ ಬರುತ್ತೇನೆ.

ಚಿತ್ರಾನ್ನ ತಿಂದ ಮುಂದಿನ ತಿಂಗಳು, ಒಂದು ಸಂಜೆ ಹಿಮಕುಸಿತದ ಬಗ್ಗೆ ಉಚಿತ ಪಾಠ ಇದೆ ಅಂತ ಗೊತ್ತಾಗಿ ಸುಮ್ನೆ ಹೋಗಿ ಕೂತೆವು. ಪಾಠ ಮಾಡುತ್ತಿದ್ದ ಹೆಂಗಸು ಪರದೆಯ ಮೇಲೆ ಒಂದು ನಕ್ಷೆ ಹಾಕಿದರು. ಆಲ್ಪೆಂಟಲ್ ಪಾರ್ಕಿಂಗ್‌ನಿಂದ ಸೋರ್ಸ್ ಲೇಕ್, ಅಲ್ಲಿಂದ ಸ್ನೋ ಲೇಕ್ ತನಕ ಹೋಗುವ ದಾರಿ. ಬಲಗಡೆಯ ಸ್ನೋಕ್ವಾಲ್ಮಿ ಮೌಂಟನ್‌ನಿಂದ ಕೆಂಪು ನಾಲಿಗೆಗಳ ಹಾಗೆ ಏನೋ ಇಳಿದು ಬಂದು ದಾರಿಯನ್ನು ಅಡ್ಡ ನೆಕ್ಕುತ್ತಿದ್ದವು. ‘ಇವೆಲ್ಲ ಹಿಮ ಜಾರಿ ಬರುವ ದಾರಿಗಳು. ಬೇಸಿಗೆಯಲ್ಲಿ ಮಕ್ಕಳೂ ನಡೆಯುವ ಟ್ರೇಲ್ ಇದು. ಚಳಿಗಾಲದಲ್ಲಿ ಇದು ಬೇರೆಯೇ ಜಾಗ’ ಅಂದರು. ನಾನು ಪಕ್ಕಕ್ಕೆ ತಿರುಗಿದೆ. ಶಿರಸಿಯವನು ಆಗಲೇ ನನ್ನನ್ನು ನೋಡುತ್ತಿದ್ದ. ನಾವು ಕೂತಿದ್ದು ಎರಡನೇ ನಾಲಿಗೆಯ ಸರಿಯಾಗಿ ನಡುವಿನಲ್ಲಿ.

ಮರ ಬೆಳೆಯದೆ ಇದ್ದದ್ದಲ್ಲ, ಬೆಳೆದ ಮರವನ್ನು ಹಿಮ ಮತ್ತೆ ಮತ್ತೆ ಗುಡಿಸಿಕೊಂಡು ಹೋಗಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, ‘ಮಳೆಗಾಲದಲ್ಲಿ ಧರೆ ಬುಡದಲ್ಲಿ ನಿಂತರೆ ಅಜ್ಜಿ ಬೈದು ಎಳಕೊಂಡು ಬರ್ತಿತ್ತು ಮಾರಾಯ. ಅಷ್ಟು ಗೊತ್ತಿದ್ದೂ ಹಿಮ ನೋಡಿದಾಗ ಅದು ನೆನಪೇ ಆಗಲಿಲ್ಲ ನೋಡು.’ 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದಾಗ ದಿನಗಟ್ಟಲೆ ಸುದ್ದಿ ಹಾಕಿಕೊಂಡು ಕೂತಿದ್ದವನು ಅವನು. ಗುಡ್ಡ ಜಾರುತ್ತೆ ಅನ್ನೋದು ನಮಗೆ ಗೊತ್ತಿರುವ ವಿಷಯವೇ. ಬಿಳಿ ಬಣ್ಣ ಕಂಡಾಗ ಮರೆತಿದ್ದೆವು, ಅಷ್ಟೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಆಕಾಶದಿಂದ ಹಿಮ ಬೀಳುವುದಕ್ಕೂ ಹಿಮಪಾತ ಅಂತಾರೆ, ಬೆಟ್ಟದಿಂದ ಹಿಮ ಜಾರಿ ಬಂದು ಜನರನ್ನು ಹೂಳುವುದಕ್ಕೂ ಹಿಮಪಾತ ಅಂತಾರೆ. ಒಂದು ನೋಡಲು ಹೋಗುವಂಥದ್ದು, ಇನ್ನೊಂದು ಓಡಿದರೂ ತಪ್ಪಿಸಿಕೊಳ್ಳಲಾಗದ್ದು. ಎರಡನ್ನೂ ಬೇರೆ ಮಾಡಿ ಹೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತೆ. ಗುಡ್ಡಕುಸಿತ ಅಂತೀವಲ್ಲ, ಹಾಗೇ ನಾನು ಹಿಮಕುಸಿತ ಅಂತಲೇ ಬರೆಯುತ್ತೇನೆ.

ಮುಂದಿನ ಚಳಿಗಾಲಕ್ಕೆ ನಾವು ನಾಲ್ವರಾದೆವು. ಹುಬ್ಬಳ್ಳಿಯ ಗೆಳತಿ, ಹಾಸನದವನಾದ ಅವಳ ಗಂಡ ಸೇರಿಕೊಂಡರು. ಅವರಿಬ್ಬರೂ ಅದೇ ಪಾಠಕ್ಕೆ ಹೋಗಿ ಬಂದರು. ಆಮೇಲೆ ನವೆಂಬರ್‌ನಿಂದ ಜನವರಿಯ ತನಕ ಪ್ರತಿ ಶನಿವಾರ ನಮ್ಮನೆಯಲ್ಲೋ ಅವರಮನೆಯಲ್ಲೋ ಕೂತು ಕಲಿತದ್ದೇ ಕಲಿತದ್ದು.

ಮೊದಲು ಹಿಮವನ್ನು ಅರ್ಥ ಮಾಡಿಕೊಳ್ಳಬೇಕಿತ್ತು. ದೂರದಿಂದ ಅದು ಒಂದೇ ಹಿಟ್ಟಿನ ರಾಶಿ ಕಂಡ ಹಾಗೆ ಕಾಣುತ್ತೆ. ಸಲಿಕೆ ತಗೊಂಡು ನೆಟ್ಟಗೆ ಕಡಿದು ನೋಡಿದರೆ ಚಿರೋಟಿ. ಒಂದೊಂದು ಬಿರುಗಾಳಿಯದ್ದು ಒಂದೊಂದು ಪದರ. ಒಂದು ಗಟ್ಟಿ, ಒಂದು ಮೆದು, ನಡುವೆ ಮಳೆ ಬಂದು ಹೆಪ್ಪುಗಟ್ಟಿದ ಗಾಜಿನಂಥ ತೆಳು ಪದರ. ಕೆಲವು ಪದರಗಳ ಹರಳು ಸಕ್ಕರೆಯ ಹಾಗೆ ಬಿಡಿಬಿಡಿ, ಮುಷ್ಟಿ ಮಾಡಿದರೆ ಉಂಡೆ ನಿಲ್ಲುವುದೇ ಇಲ್ಲ. ಅಂಥ ಸಕ್ಕರೆಯ ಮೇಲೆ ಗಟ್ಟಿ ಹಿಮ ಹಲಗೆಯ ಹಾಗೆ ಕೂತಿರುತ್ತೆ. ಇಳಿಜಾರಿನಲ್ಲಿ ಯಾರೋ ಒಬ್ಬರು ಕಾಲಿಟ್ಟರೆ ಸಾಕು, ಸಕ್ಕರೆ ಕುಸಿದು ಬಿರುಕು ಓಡಿ, ಇಡೀ ಹಲಗೆ ಒಂದೇ ಸಲಕ್ಕೆ ಜಾರುತ್ತೆ. ಜನ ಸಿಕ್ಕಿಕೊಳ್ಳುವ ಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಎಬ್ಬಿಸುವುದು ಸಿಕ್ಕಿಕೊಂಡವರೇ, ಇಲ್ಲವೇ ಅವರ ಜೊತೆಯವರು. ಇದನ್ನು ಕೇಳಿ ಹಾಸನದವನು ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

ಇಳಿಜಾರಿನ ಲೆಕ್ಕ ಇನ್ನೊಂದು. 30ರಿಂದ 45 ಡಿಗ್ರಿ ಇರುವ ಕಡೆ ಇಂಥ ಹಲಗೆ ಜಾಸ್ತಿ ಜಾರುತ್ತೆ. 30ಕ್ಕಿಂತ ಕಡಿಮೆ ಇದ್ದರೆ ಜಾರುವುದು ಅಪರೂಪ. ಸ್ಕೀ ಮಾಡುವವರು ಇದನ್ನು ಬೇಗ ಕಲಿಯುತ್ತಾರೆ, ಕಡಿದಾದ ಜಾಗ ಅವರಿಗೆ ಬೇಕೇ ಬೇಕು. ನಮ್ಮಂಥ ಸ್ನೋಶೂ ಹಾಕಿಕೊಂಡು ನಡೆಯುವವರು ‘ನಾವು ಸಮತಟ್ಟಿನಲ್ಲಿ ಹೋಗ್ತೀವಿ, ನಮಗೇನು’ ಅಂದುಕೊಳ್ಳುತ್ತೇವೆ. ತಪ್ಪಾಗುವುದೇ ಅಲ್ಲಿ. ನಮ್ಮ ಕಾಲ ಕೆಳಗೆ 5 ಡಿಗ್ರಿ ಇರಬಹುದು. ತಲೆಯ ಮೇಲೆ 38 ಇದ್ದರೆ, ಅಲ್ಲಿಂದ ಹೊರಟದ್ದು ಸಮತಟ್ಟಿಗೆ ಬಂದೇ ನಿಲ್ಲುತ್ತೆ. ಕಣಿವೆಯ ತಳದಲ್ಲಿ ಇದ್ದವನ ಮೇಲೆ ಇನ್ನೂ ಆಳವಾಗಿ ಬಂದು ಕೂರುತ್ತೆ.

ಸ್ನೋಶೂ ನೋಡದವರಿಗೆ: ಕಾಲಿಗೆ ಉದ್ದನೆಯ ಮೊರ ಕಟ್ಟಿಕೊಂಡ ಹಾಗೆ ಅಂದುಕೊಳ್ಳಿ. ಮೈಭಾರ ಹಂಚಿಹೋಗಿ ಮೊಣಕಾಲ ತನಕ ಹೂತುಹೋಗುವ ಹಿಮದಲ್ಲಿ ಬರೀ ನಾಲ್ಕು ಬೆರಳು ಇಳಿಯುತ್ತೀರಿ. ಕೆಳಗೆ ಕಬ್ಬಿಣದ ಹಲ್ಲುಗಳಿರುತ್ತವೆ. ಕಾಲು ಸ್ವಲ್ಪ ಅಗಲಿಸಿ ನಡೆಯಬೇಕು. ಹತ್ತು ನಿಮಿಷದಲ್ಲಿ ರೂಢಿಯಾಗುತ್ತೆ. ಅಷ್ಟು ಬೇಗ ರೂಢಿಯಾಗುವುದರಿಂದಲೇ ಜನ ಯಾವ ತಯಾರಿಯೂ ಇಲ್ಲದೆ ಬೆಟ್ಟದೊಳಗೆ ಹೋಗಿಬಿಡುತ್ತಾರೆ.

ಆಮೇಲೆ ಮೂರು ಸಾಮಾನು: ಬೀಕನ್, ಪ್ರೋಬ್, ಸಲಿಕೆ. ಬೀಕನ್ ಎದೆಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರ. 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಂಕೇತ ಕಳಿಸುತ್ತಿರುತ್ತೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸಿ, ಬಾಣದ ಗುರುತು ಹಿಡಿದು ಹೋಗಬೇಕು. ಪ್ರೋಬ್ ಅಂದರೆ ಮಡಿಸಿಡುವ ಉದ್ದ ಸರಳು, ಬಿಚ್ಚಿದರೆ ಎರಡು ಆಳಿನಷ್ಟು ಎತ್ತರ ಹತ್ತಿರ ಹತ್ತಿರ ಬರುತ್ತೆ. ಅದರಿಂದ ಚುಚ್ಚಿ ಜಾಗ ಖಚಿತ ಮಾಡಿ, ಸಲಿಕೆಯಿಂದ ಅಗೆಯಬೇಕು. ಪೂರ್ತಿ ಹೂತವರನ್ನು 10 ನಿಮಿಷದೊಳಗೆ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅಲ್ಲಿಂದ ಅರ್ಧ ಗಂಟೆಯೊಳಗೆ ಆ ಲೆಕ್ಕ ಮೂವರಿಗೆ ಒಬ್ಬರ ಹತ್ತಿರ ಇಳಿದುಬಿಡುತ್ತೆ. ಹೆಲಿಕಾಪ್ಟರ್ ಅಷ್ಟರಲ್ಲಿ ಬರುವುದಿಲ್ಲ. ನಾಲ್ವರಲ್ಲಿ ಒಬ್ಬರು ಹೂತರೆ ಉಳಿಸುವುದು ಉಳಿದ ಮೂವರು, ಬೇರೆ ಯಾರೂ ಅಲ್ಲ.

ಅಭ್ಯಾಸಕ್ಕೆ ಘಟ್ಟದ ಸಮತಟ್ಟಿನಲ್ಲಿ, ಮೇಲೆ ಯಾವ ಇಳಿಜಾರೂ ಇಲ್ಲದ ಜಾಗಕ್ಕೆ ಹೋದೆವು. ಒಂದು ಬೀಕನನ್ನು ಊಟದ ಡಬ್ಬಿಯಲ್ಲಿ ಹಾಕಿ ಶಿರಸಿಯವನು ಹೂತಿಟ್ಟ. ಹುಡುಕುವ ಸರದಿ ಮೊದಲು ನನ್ನದು. ಯಂತ್ರ ದೂರವನ್ನು ಮೀಟರಿನಲ್ಲಿ ತೋರಿಸುತ್ತೆ. 38 ಅಂತ ತೋರಿಸಿತು. 31. 24. ಓಡಿದೆ. ಬಾಣ ಎಡಕ್ಕೆ ತಿರುಗಿತು, ನಾನು ನೇರ ಹೋಗಿಬಿಟ್ಟಿದ್ದೆ. 29. ಮತ್ತೆ ವಾಪಸ್. ಹತ್ತಿರ ಬಂದಾಗ ನಿಧಾನ ಮಾಡಿ, ಯಂತ್ರವನ್ನು ಹಿಮಕ್ಕೆ ತಾಗಿಸಿ ಹಿಡಿದು, ಹಿಂದೆ ಮುಂದೆ, ಎಡ ಬಲ ಸರಿಸಿ ಅತಿ ಸಣ್ಣ ಸಂಖ್ಯೆ ಹುಡುಕಬೇಕು. ಎದೆ ಹೊಡೆದುಕೊಳ್ಳುತ್ತಿರುವಾಗ ನಿಧಾನ ಮಾಡುವುದು ಎಷ್ಟು ಕಷ್ಟ! 1.4 ಅಂತ ಬಂದಲ್ಲಿ ಪ್ರೋಬ್ ಚುಚ್ಚಿದೆ. ಒಂದು ಗೇಣಿನಷ್ಟು ಪಕ್ಕ, ಮತ್ತೆ ಪಕ್ಕ, ಸುರುಳಿಯಾಗಿ. ಆರನೇ ಸಲ ಸರಳು ಟಕ್ ಅಂತ ಡಬ್ಬಿಗೆ ತಾಗಿತು. ಆ ಸದ್ದು ಈಗಲೂ ಕೈಯಲ್ಲಿದೆ. ಅಗೆದು ತೆಗೆಯುವ ಹೊತ್ತಿಗೆ 14 ನಿಮಿಷ ಆಗಿತ್ತು.

ಹದಿನಾಲ್ಕು. ಯಾರೂ ಏನೂ ಹೇಳಲಿಲ್ಲ. ‘ಇನ್ನೊಮ್ಮೆ ಮಾಡ್ರಿ’ ಅಂದಳು ಹುಬ್ಬಳ್ಳಿಯವಳು. ಅವತ್ತು ಕತ್ತಲಾಗುವ ತನಕ ಮಾಡಿದೆವು. ಕೊನೆಗೆ ನನ್ನದು 6 ನಿಮಿಷಕ್ಕೆ ಬಂತು, ಅವಳದು 5ಕ್ಕೆ. ನಿಜವಾಗಿ ಕುಸಿದ ಹಿಮ ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತೆ, ಇಷ್ಟು ಸುಲಭಕ್ಕೆ ಅಗೆಯಲಾಗುವುದಿಲ್ಲ ಅಂತ ನಮಗೆ ಗೊತ್ತಿತ್ತು. ಹಾಗಾಗಿ ಆ ಸಂಖ್ಯೆಯ ಮೇಲೆ ನಾವು ಭಾರ ಹಾಕಲಿಲ್ಲ. ಹೂತುಹೋಗದ ಹಾಗೆ ನಡೆಯುವುದೇ ಮುಖ್ಯ ಅಂತ ಅವತ್ತು ನಾಲ್ವರಿಗೂ ಮೈಯಲ್ಲಿ ಇಳಿಯಿತು.

ಹೂತುಹೋಗದೆ ಇರಲು ಬೇಕಾದದ್ದು ಹೊತ್ತಿಗೆ ಸರಿಯಾಗಿ ‘ಬೇಡ’ ಅನ್ನುವ ಬಾಯಿ. ಗೆಳೆಯರ ನಡುವೆ ಅದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರುತ್ತೆ. ಬೆಳಿಗ್ಗೆ ಐದಕ್ಕೆ ಎದ್ದು ಬಂದಿರುತ್ತೇವೆ. ವಾರವಿಡೀ ಅದೇ ಮಾತಾಡಿರುತ್ತೇವೆ. ಒಬ್ಬರಿಗೆ ಒಳಗೊಳಗೇ ಅಳುಕು ಇದ್ದರೂ, ನಾನ್ಯಾಕೆ ಎಲ್ಲರ ಖುಷಿ ಹಾಳು ಮಾಡಲಿ ಅಂತ ಸುಮ್ಮನಿರುತ್ತಾರೆ. ನಾಲ್ವರಿಗೂ ಅಳುಕಿದ್ದು ನಾಲ್ವರೂ ಸುಮ್ಮನೆ ಮುಂದೆ ಹೋಗುವುದೂ ಉಂಟು. ಅದಕ್ಕೆ ಒಂದು ಕಟ್ಟುಪಾಡು ಮಾಡಿಕೊಂಡೆವು. ನಾಲ್ವರಲ್ಲಿ ಯಾರೇ ಒಬ್ಬರು ವಾಪಸ್ ಹೋಗೋಣ ಅಂದರೆ ಹೋಗುವುದೇ. ಯಾಕೆ ಅಂತ ಅಲ್ಲಿ ನಿಂತು ಕೇಳುವಂತಿಲ್ಲ, ಕ್ಷೇಮದ ಜಾಗಕ್ಕೆ ಬಂದ ಮೇಲೆ ಕೇಳಬಹುದು. ಇದಕ್ಕೊಂದು ಶಬ್ದ ಬೇಕು, ಮಾತಿನ ನಡುವೆ ಕಳೆದುಹೋಗದಂಥದ್ದು ಅಂದೆ ನಾನು. ಅವಳು ಕೂಡಲೇ ಕೊಟ್ಟಳು: ‘ಹೊಳ್ಳೂಣು.’ ಹಿಂದಕ್ಕೆ ತಿರುಗೋಣ ಅಂತ. ತುಮಕೂರಿನ ನನಗೂ, ಶಿರಸಿ, ಹಾಸನದವರಿಗೂ ಅದು ದಿನದ ಮಾತಲ್ಲ. ಹಾಗಾಗಿ ಕಿವಿಗೆ ಬಿದ್ದರೆ ತಟ್ಟನೆ ತಟ್ಟುತ್ತೆ. ಅದೇ ಇರಲಿ ಅಂದೆವು.

ಜನವರಿಯ ಮೂರನೇ ಶನಿವಾರ ಅಂತ ಗೊತ್ತು ಮಾಡಿದೆವು. ಸೋರ್ಸ್ ಲೇಕ್ ಬುಡದ ತನಕ ಮಾತ್ರ, ಸ್ನೋ ಲೇಕ್‌ಗೆ ಏರುವ ಕಡಿದಾದ ಭಾಗಕ್ಕೆ ಹೋಗುವುದಿಲ್ಲ. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ಪ್ರತಿದಿನ ಸಂಜೆ ಮರುದಿನದ ಹಿಮಕುಸಿತದ ಮುನ್ಸೂಚನೆ ಕೊಡುತ್ತೆ. ಅಪಾಯಕ್ಕೆ ಐದು ಮೆಟ್ಟಿಲು. ಕಾಡಿನ ಎತ್ತರ, ಮರಗಳು ವಿರಳವಾಗುವ ಎತ್ತರ, ಮರವೇ ಇಲ್ಲದ ಎತ್ತರ, ಮೂರಕ್ಕೂ ಬೇರೆ ಬೇರೆ. ನಾವು ವಾರವಿಡೀ ನೋಡಿದೆವು. ಮೂರನೇ ಮೆಟ್ಟಿಲು ಅಂದರೆ ನಡುವಿನದ್ದು, ಪರವಾಗಿಲ್ಲ ಅಂತ ಅನಿಸುತ್ತೆ ಅಲ್ವಾ? ಹೆಚ್ಚು ಜನ ಸಾಯುವುದು ಆ ಮೂರರಲ್ಲೇ. ನಾಲ್ಕು, ಐದು ಇದ್ದಾಗ ಜನ ಮನೆಯಲ್ಲೇ ಉಳಿಯುತ್ತಾರೆ. ಮೂರರಲ್ಲಿ ಆಕಾಶ ತಿಳಿಯಾಗಿರುತ್ತೆ, ಹೊಸ ಹಿಮ ಹೊಳೆಯುತ್ತಿರುತ್ತೆ, ಹೋಗೋಣ ಅನಿಸುತ್ತೆ.

ಶುಕ್ರವಾರ ಸಂಜೆಯ ಮುನ್ಸೂಚನೆಯಲ್ಲಿ ಮೇಲೆ ಮೂರು, ಕಾಡಿನ ಎತ್ತರದಲ್ಲಿ ಎರಡು. ಹಿಂದಿನ ನಾಲ್ಕು ದಿನದಲ್ಲಿ ಚೆನ್ನಾಗಿ ಹೊಸ ಹಿಮ ಬಿದ್ದಿತ್ತು, ಅದರ ಕೆಳಗೆ ಮಳೆಯ ಗಾಜುಪದರ. ಜೊತೆಗೆ ಒಂದು ಸಾಲು: ಶನಿವಾರ ಮಧ್ಯಾಹ್ನದ ಮೇಲೆ ಗಾಳಿ ತಿರುಗಲಿದೆ, ಬಿಸಿ ಏರಲಿದೆ, ಬಿಸಿ ಏರಿದರೆ ಅಪಾಯವೂ ಏರುತ್ತೆ.

ಈ ಗಾಳಿ ತಿರುಗುವುದು ಸ್ನೋಕ್ವಾಲ್ಮಿಯ ವಿಶೇಷ. ಚಳಿಗಾಲದಲ್ಲಿ ಪರ್ವತದ ಪೂರ್ವದ ಬಯಲಿನಲ್ಲಿ ತಣ್ಣನೆಯ ಗಾಳಿ ಕೆರೆಯ ನೀರಿನ ಹಾಗೆ ನಿಂತಿರುತ್ತೆ. ಘಟ್ಟ ತಗ್ಗಾಗಿರುವುದರಿಂದ ಆ ತಂಪು ತೂಬಿನಿಂದ ಹರಿದ ಹಾಗೆ ಪಶ್ಚಿಮಕ್ಕೆ ಹರಿಯುತ್ತೆ. ಸಮುದ್ರದಿಂದ ಬಿಸಿ ಗಾಳಿ ಬಂದರೂ ಘಟ್ಟದಲ್ಲಿ ಚಳಿ ಹಾಗೇ ಇರುತ್ತೆ, ಮಳೆ ಬೀಳಬೇಕಾದಲ್ಲಿ ಹಿಮ ಬೀಳುತ್ತೆ. ಆ ತೂಬು ಮುಚ್ಚಿದ ಗಳಿಗೆಯಲ್ಲಿ ಗಾಳಿ ತಿರುಗಿ ಪಶ್ಚಿಮದ ಕಡೆಯಿಂದ ಬಿಸಿ ನುಗ್ಗುತ್ತೆ. ತಣ್ಣಗೆ ಗಟ್ಟಿಯಾಗಿ ಕೂತಿದ್ದ ಹೊಸ ಹಿಮ ಒಮ್ಮೆಲೇ ಒದ್ದೆಯಾಗಿ ಭಾರವಾಗುತ್ತೆ, ಮೇಲೆ ಮಳೆಯೂ ಬೀಳಬಹುದು. ಕುಸಿತಗಳು ತಾವಾಗಿಯೇ ಬರುವುದು ಆಗ.

ಇದು ಹೊಸ ಸಂಗತಿಯೇನಲ್ಲ. ಇಲ್ಲಿಂದ ಉತ್ತರಕ್ಕೆ ಸ್ಟೀವನ್ಸ್ ಪಾಸ್ ಹತ್ತಿರ ವೆಲ್ಲಿಂಗ್ಟನ್ ಅನ್ನುವ ರೈಲ್ವೆ ಊರಿತ್ತು. 1910ರ ಫೆಬ್ರುವರಿ ಕೊನೆಯಲ್ಲಿ ಹಿಮದಿಂದಾಗಿ ಎರಡು ರೈಲು ಅಲ್ಲಿ ವಾರದ ಹತ್ತಿರ ಸಿಕ್ಕಿಕೊಂಡು ನಿಂತಿದ್ದವು. ಆಮೇಲೆ ಬಿಸಿಯಾಯಿತು, ಗುಡುಗು ಸಿಡಿಲಿನ ಮಳೆ ಬಂತು. ಮಾರ್ಚ್ 1ರ ನಡುರಾತ್ರಿ ಕಳೆದ ಮೇಲೆ ವಿಂಡಿ ಮೌಂಟನ್‌ನ ಹಿಮ ಜಾರಿ ಎರಡೂ ರೈಲನ್ನು ಕೆಳಗಿನ ಟೈ ನದಿಯ ಕೊರಕಲಿಗೆ ತಳ್ಳಿತು. 96 ಜನ ಹೋದರು. ಅಮೆರಿಕದಲ್ಲಿ ಅದಕ್ಕಿಂತ ಹೆಚ್ಚು ಜನರನ್ನು ಕೊಂದ ಹಿಮಕುಸಿತ ಇಲ್ಲ. ಹಳೆಯ ರೈಲುದಾರಿ ಈಗ ಐರನ್ ಗೋಟ್ ಟ್ರೇಲ್ ಆಗಿದೆ. ಬೇಸಿಗೆಯಲ್ಲಿ ನಾವು ನಾಲ್ವರೂ ಅಲ್ಲಿ ನಡೆದಿದ್ದೆವು. ಆ ದುರಂತದ ನಂತರ ಹಳಿಯ ಮೇಲೆ ಕಟ್ಟಿದ ಕಾಂಕ್ರೀಟ್ ಚಾವಣಿ ಹಾಗೇ ನಿಂತಿದೆ, ಒಳಗೆ ನೀರು ತೊಟ್ಟಿಕ್ಕುತ್ತೆ. ಹುಬ್ಬಳ್ಳಿಯವಳ ಅಪ್ಪ ರೈಲ್ವೆಯಲ್ಲಿ ಇದ್ದವರು. ಅವಳು ಅಲ್ಲಿ ಒಂದು ಕಂಬಕ್ಕೆ ಕೈ ಇಟ್ಟು ಬಹಳ ಹೊತ್ತು ನಿಂತಿದ್ದಳು.

ಹಾಗಾಗಿ ಶುಕ್ರವಾರ ರಾತ್ರಿ ಬರೆದಿಟ್ಟುಕೊಂಡೆವು. ಏಳಕ್ಕೆ ಹೊರಡುವುದು, ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗುವುದು, ಬಿಸಿ ಏರುವ ಮುಂಚೆ ಪಾರ್ಕಿಂಗ್‌ನಲ್ಲಿರುವುದು. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ನನ್ನ ಹೆಂಡತಿಗೆ ಬರೆದು ಕೊಟ್ಟೆ. ಮಧ್ಯಾಹ್ನ ಮೂರು ಗಂಟೆಯೊಳಗೆ ಸುದ್ದಿ ಬರದಿದ್ದರೆ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಬೇಕು ಅಂತ.

ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಮೈನಸ್ 6. ಮೂಗಿನ ಒಳಗಿನ ಕೂದಲು ಹೆಪ್ಪುಗಟ್ಟಿ ಚುಚ್ಚುತ್ತಿತ್ತು. ಹೊರಡುವ ಮುಂಚೆ ಬೀಕನ್ ಪರೀಕ್ಷೆ. ಒಬ್ಬರು ಮುಂದೆ ಹೋಗಿ ನಿಲ್ಲಬೇಕು, ಉಳಿದವರು ಒಬ್ಬೊಬ್ಬರಾಗಿ ಅವರ ಮುಂದೆ ಹಾದುಹೋಗಬೇಕು. ಹಾಸನದವನ ಸರದಿ ಬಂದಾಗ ಸಂಖ್ಯೆ ಎಲ್ಲೆಲ್ಲೋ ಹಾರುತ್ತಿತ್ತು. ಬ್ಯಾಟರಿ ಸರಿಯಿತ್ತು. ಮತ್ತೆ ನೋಡಿದರೆ ಎದೆಯ ಜೇಬಿನಲ್ಲಿ, ಬೀಕನ್‌ಗೆ ಅಂಟಿಕೊಂಡ ಹಾಗೆ ಫೋನ್. ಫೋನ್ ಅಷ್ಟು ಹತ್ತಿರ ಇದ್ದರೆ ಸಂಕೇತ ಕೆಡುತ್ತೆ. ಕಳಿಸುವಾಗ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಬೇಕು ಅಂತ ಪಾಠದಲ್ಲಿ ಹೇಳಿದ್ದರು. ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಸಂಖ್ಯೆ ನಿಂತಿತು. ಆ ಒಂದು ನಿಮಿಷದ ಪರೀಕ್ಷೆ ಮಾಡದೆ ಹೋಗಿದ್ದರೆ ಅಂತ ಅವಳು ಅವನ ಕಡೆ ನೋಡಿದ ನೋಟ ನನಗೆ ಮರೆಯುವುದಿಲ್ಲ.

ನಡೆದೆವು. ಮುರಿಯದ ಹೊಸ ಹಿಮ, ಕಾಲಿಟ್ಟಲ್ಲೆಲ್ಲ ಕರ್ರ್ ಕರ್ರ್. ಎಡಕ್ಕೆ ನದಿ ಹಿಮದ ಕೆಳಗೆ ಎಲ್ಲೋ ಗುಣುಗುಣು ಅನ್ನುತ್ತಿತ್ತು. ಫರ್ ಮರಗಳ ಕೊಂಬೆ ಭಾರಕ್ಕೆ ಬಾಗಿ ಕಾಂಡಕ್ಕೆ ಒರಗಿದ್ದವು. ಮಾತು ಕಡಿಮೆ, ಉಸಿರಿನ ಸದ್ದು ಜಾಸ್ತಿ. ನನಗೆ ಚಳಿಗಾಲದ ಈ ಬೆಟ್ಟ ಎಷ್ಟು ಇಷ್ಟ ಅಂತ ಹೇಳಿ ತೀರುವುದಿಲ್ಲ. ಇಷ್ಟ ಇರುವುದಕ್ಕೇ ಇಷ್ಟೆಲ್ಲ ಕಲಿತದ್ದು.

ಮೊದಲ ಬೈತಲೆ ಬಂದಾಗ ಅದರ ತುದಿಯನ್ನು ಬಳಸಿ, ತಗ್ಗಿನ ಕಾಡಿನೊಳಗಿಂದ ಹಾದೆವು. ಅಂಚಿನ ಮರಗಳನ್ನು ಈ ಸಲ ಹತ್ತಿರದಿಂದ ನೋಡಿದೆ. ಬೆಟ್ಟದ ಕಡೆಯ ಕೊಂಬೆಗಳೆಲ್ಲ ಕಿತ್ತುಹೋಗಿ, ಕಣಿವೆಯ ಕಡೆಯವು ಮಾತ್ರ ಉಳಿದಿದ್ದವು. ಕಾಂಡದ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ತೊಗಟೆ ಸುಲಿದ ಗಾಯ. ಹಿಂದಿನ ಚಳಿಗಾಲದಲ್ಲಿ ಇದೇ ಮರದ ಪಕ್ಕದಲ್ಲಿ ಹಾದುಹೋಗಿದ್ದೆ, ಕಂಡಿರಲಿಲ್ಲ.

ಹತ್ತು ಗಂಟೆ ಕಳೆದಿರಬೇಕು. ಒಂದು ಕೊಂಬೆಯಿಂದ ಹಿಮದ ಮುದ್ದೆ ಧೊಪ್ ಅಂತ ಹುಬ್ಬಳ್ಳಿಯವಳ ಹೆಗಲ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಧೊಪ್. ನಾನು ಗ್ಲೌಸ್ ತೆಗೆದು ನೀರು ಕುಡಿದೆ, ಹಾಗೇ ನಡೆದೆ. ಕೈ ಚಳಿಯಾಗುತ್ತಿಲ್ಲ ಅಂತ ನನ್ನ ಗಮನಕ್ಕೇ ಬರಲಿಲ್ಲ. ಅವಳು ನಿಂತಳು. ಕಾಲೆತ್ತಿ ಸ್ನೋಶೂ ತಿರುಗಿಸಿ ನೋಡಿದಳು. ಕೆಳಗೆ ಒದ್ದೆ ಹಿಮ ಇಟ್ಟಿಗೆಯಷ್ಟು ದಪ್ಪಕ್ಕೆ ಮೆತ್ತಿಕೊಂಡಿತ್ತು.

‘ಮಳಿ ಬಂದ ಮ್ಯಾಲೆ ನಮ್ಮ ಎರಿ ಹೊಲದಾಗ ನಡದಂಗ ಆಗಾಕತ್ತೇತಿ ನೋಡ್ರಿ’ ಅಂದಳು.

ನನ್ನದನ್ನೂ ಎತ್ತಿ ನೋಡಿದೆ. ಅಷ್ಟೇ ಮೆತ್ತಿತ್ತು. ಕಾಲು ಭಾರ ಆಗಿದ್ದು ಆಯಾಸಕ್ಕೆ ಅಂದುಕೊಂಡಿದ್ದೆ. ಕೋಲಿನಿಂದ ತಟ್ಟಿ ಬೀಳಿಸಿ ಮತ್ತೆ ನಡೆದೆವು. ಅಲ್ಲಿಂದ ನೂರು ಹೆಜ್ಜೆಗೆ ಎರಡನೇ ಬೈತಲೆ, ನಾವು ಚಿತ್ರಾನ್ನ ತಿಂದದ್ದು. ಇದನ್ನು ಕೆಳಗಿನಿಂದ ಬಳಸಲು ದಾರಿಯಿಲ್ಲ, ದಾಟಲೇಬೇಕು. ಮರದ ಅಂಚಿನಲ್ಲಿ ನಿಂತೆವು. ಅಗಲ ಒಂದು ಅರವತ್ತು ಮೀಟರ್ ಇರಬಹುದು. ಮೇಲಿನ ಇಳಿಜಾರಿಗೆ ಕೋನ ಅಳೆಯುವ ಪಟ್ಟಿ ಹಿಡಿದೆ. 36 ಡಿಗ್ರಿ. ನೋಡುತ್ತಿದ್ದ ಹಾಗೆ ಬಂಡೆಯ ಬುಡದಿಂದ ಒಂದು ಸಣ್ಣ ಹಿಮದ ಉಂಡೆ ಹೊರಟಿತು. ಬಂಡಿಯ ಗಾಲಿ ಹಾಗೆ ಸುತ್ತಿಕೊಳ್ಳುತ್ತಾ, ಹಿಂದೆ ಗೆರೆ ಎಳೆಯುತ್ತಾ ಬಂದು ನಡುವೆ ನಿಂತಿತು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು.

‘ಒಬ್ಬೊಬ್ಬರೇ ದಾಟಿದರೆ ತಲಾ ಎರಡು ನಿಮಿಷ’ ಅಂದ ಶಿರಸಿಯವನು. ಅವನ ಮಾತಿನಲ್ಲಿ ಒತ್ತಾಯ ಇರಲಿಲ್ಲ, ಲೆಕ್ಕ ಇತ್ತು. ನನಗೂ ದಾಟುವ ಮನಸ್ಸೇ. ಆಚೆ ಬದಿಯ ಕಾಡು ಕಾಣುತ್ತಿತ್ತು. ಕೆರೆಗೆ ಇನ್ನು ಹತ್ತು ಹದಿನೈದು ನಿಮಿಷ. ಗಡಿಯಾರದಲ್ಲಿ ಹತ್ತೂವರೆ, ಹನ್ನೊಂದರ ತನಕ ನಮ್ಮದೇ ಹೊತ್ತು ಇತ್ತಲ್ಲ! ಮುನ್ಸೂಚನೆಯಲ್ಲಿ ಮಧ್ಯಾಹ್ನದ ಮೇಲೆ ಅಂತ ಇತ್ತು. ಬರೆದದ್ದನ್ನು ನಂಬಿ, ಎದುರಿಗೆ ಉರುಳುತ್ತಿದ್ದದ್ದನ್ನು ನಾನು ಬದಿಗಿಡುತ್ತಿದ್ದೆ.

‘ಹೊಳ್ಳೂಣ್ರಿ’ ಅಂದಳು.

ಮೆಲ್ಲಗೆ ಹೇಳಿದಳು. ಯಾರೂ ಯಾಕೆ ಅನ್ನಲಿಲ್ಲ. ಶಿರಸಿಯವನು ಆಗಲೇ ಸ್ನೋಶೂ ತಿರುಗಿಸಿದ್ದ. ನಾನೊಬ್ಬನೇ ಎರಡು ಗಳಿಗೆ ಆಚೆ ಬದಿಯನ್ನು ನೋಡುತ್ತಾ ನಿಂತೆ. ಬೇಸರ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ, ಗಂಟಲಲ್ಲಿ ಏನೋ ಕಟ್ಟಿಕೊಂಡ ಹಾಗಾಗಿತ್ತು. ತಿರುಗಿದೆ.

ಗಾಳಿ ನಾಲ್ಕು ಗಂಟೆ ಮುಂಚೆಯೇ ತಿರುಗಿತ್ತು. ವಾಪಸ್ ದಾರಿಯಲ್ಲಿ ಎಲ್ಲ ಮರಗಳಿಂದಲೂ ಧೊಪ್ ಧೊಪ್. ಎದುರಿಗೆ ಇಬ್ಬರು ಹುಡುಗರು ಬರುತ್ತಿದ್ದರು, ಬೆನ್ನಿಗೆ ಸಣ್ಣ ಚೀಲ, ಸಲಿಕೆ ಇರಲಿಲ್ಲ. ನಾವು ಕಂಡದ್ದನ್ನು ಹೇಳಿದೆವು. ಉಂಡೆಗಳು, ಮೆತ್ತುವ ಹಿಮ, ಮೇಲಿನ 36 ಡಿಗ್ರಿ. ಕೇಳಿಸಿಕೊಂಡರು, ಥ್ಯಾಂಕ್ಸ್ ಅಂದರು, ನಮ್ಮ ಹೆಜ್ಜೆಯ ಜಾಡು ಹಿಡಿದೇ ಮುಂದೆ ಹೋದರು. ನಮ್ಮ ಜಾಡು! ಹಿಂದಿನ ಚಳಿಗಾಲದಲ್ಲಿ ನಾವೂ ಯಾರದ್ದೋ ಜಾಡು ಹಿಡಿದು ಹೋಗಿದ್ದೆವು. ಅಷ್ಟು ಜನ ಹೋಗಿದ್ದಾರೆ, ಏನಾಗುತ್ತೆ ಅಂತ. ಅವರು ಮರೆಯಾಗುವ ತನಕ ನನಗೆ ಹೊಟ್ಟೆಯಲ್ಲಿ ಸಂಕಟ. ಎಳೆದು ತರಲಂತೂ ಆಗುವುದಿಲ್ಲ. ಪಾರ್ಕಿಂಗ್‌ನಲ್ಲಿ ಕಾದೆವು.

ಹೆಂಡತಿಗೆ ‘ಹೊಳ್ಳಿದ್ವಿ’ ಅಂತ ಮೆಸೇಜ್ ಹಾಕಿದೆ. ಕಾರಿನ ಹಿಂದಿನ ಬಾಗಿಲು ಎತ್ತಿ ಕೂತೆವು. ಹುಬ್ಬಳ್ಳಿಯವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ತೆಗೆದಳು. ಚಳಿಗೆ ಬ್ರೆಡ್ಡು, ಚಾಕಲೇಟ್ ಬಾರ್ ಎಲ್ಲ ಕಲ್ಲಾಗುತ್ತವೆ, ರೊಟ್ಟಿ ಮಾತ್ರ ಮನೆಯಲ್ಲಿದ್ದ ಹಾಗೇ ಇರುತ್ತೆ. ಫ್ಲಾಸ್ಕಿನ ಕಾಫಿ ಇನ್ನೂ ಬಿಸಿ ಇತ್ತು. ಆಗ ಕೇಳಿದೆ, ‘ಯಾಕೆ ಹೇಳಿದ್ದು?’

‘ಎರಿ ಮಣ್ಣು ಹತ್ತಾಕತ್ತಿದ್ರ ನಮ್ಮಜ್ಜ ಎತ್ತು ಬಿಡ್ತಿದ್ದಾ. ಇನ್ನೊಂದು ಸಾಲು ಹೊಡದು ಬಿಡೂಣು ಅಂತಿರಲಿಲ್ಲ’ ಅಂದಳು. ಆಮೇಲೆ ಸ್ವಲ್ಪ ತಡೆದು, ‘ನನಗ ಅಂಜಿಕಿ ಆಗಿತ್ತು, ಅದೂ ಖರೆ’ ಅಂದಳು. ಅವಳ ಗಂಡ ತನಗೂ ಆಗಿತ್ತು, ಹೇಳಲು ಬಾಯಿ ಬರಲಿಲ್ಲ ಅಂದ. ಶಿರಸಿಯವನು ತಲೆ ಅಲ್ಲಾಡಿಸಿದ. ಅಂದರೆ ಅಲ್ಲಿ ನಿಂತಾಗ ನಿಜವಾಗಿ ದಾಟಬೇಕು ಅಂತಿದ್ದವನು ನಾನೊಬ್ಬನೇ.

ಒಂದೂವರೆಗೆ ಆ ಹುಡುಗರು ಇಳಿದು ಬಂದರು. ಕೆರೆಯ ತನಕ ಹೋಗಿ ಬಂದೆವು, ಬಹಳ ಚೆನ್ನಾಗಿತ್ತು ಅಂದರು. ನಮಗೆ ನಾಲ್ವರಿಗೂ ಜೀವ ಬಂದ ಹಾಗಾಯಿತು. ಅವತ್ತು ಆ ಇಳಿಜಾರು ಅವರ ಮೇಲೆ ಜಾರಲಿಲ್ಲ. ನಾವು ಚಿತ್ರಾನ್ನ ತಿಂದ ದಿನ ನಮ್ಮ ಮೇಲೂ ಜಾರಿರಲಿಲ್ಲ. ಬೆಟ್ಟ ಪ್ರತಿ ತಪ್ಪಿಗೂ ಹೊಡೆಯುವುದಿಲ್ಲ, ಅದಕ್ಕೇ ಅಲ್ಲಿ ಕಲಿಯುವುದು ಕಷ್ಟ. ಅವರು ಕ್ಷೇಮವಾಗಿ ಬಂದ ಮಾತ್ರಕ್ಕೆ ನಾವು ತಿರುಗಿದ್ದು ತಪ್ಪಾಗಲಿಲ್ಲ ಅಂತ ಆ ರಾತ್ರಿ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ.

ಆ ಚಳಿಗಾಲದಲ್ಲಿ ಮತ್ತೆ ಮೂರು ಸಲ ಸ್ನೋಶೂ ಕಟ್ಟಿದೆವು. ಮೂರೂ ಸಲ ಗೋಲ್ಡ್ ಕ್ರೀಕ್ ಕೊಳದ ಸುತ್ತ, ಸಮತಟ್ಟಿನಲ್ಲಿ.

ಜುಲೈ ಮೊದಲ ವಾರ ನಾಲ್ವರೂ ಸ್ನೋ ಲೇಕ್‌ಗೆ ಹೋದೆವು. ಬೇಸಿಗೆಯ ಟ್ರೇಲ್, ಮಕ್ಕಳು, ನಾಯಿಗಳು, ಬಿಸಿಲು. ಎರಡನೇ ಬೈತಲೆಯ ಹತ್ತಿರ ಟ್ರೇಲ್ ಬಿಟ್ಟು ಕೆಳಗೆ ಇಣುಕಿದೆವು. ಕಣಿವೆಯ ತಳದಲ್ಲಿ, ತೊರೆಯ ಪಕ್ಕ, ಇನ್ನೂ ಹಿಮ ಉಳಿದಿತ್ತು. ಮಣ್ಣು ಬಣ್ಣದ್ದು, ಲಾರಿಯಷ್ಟು ಎತ್ತರದ ರಾಶಿ. ಅದರ ತುಂಬ ಮುರಿದ ಫರ್ ಮರಗಳು, ತುದಿಗಳೆಲ್ಲ ಕಣಿವೆಯ ಕಡೆಗೇ. ಯಾವ ತಿಂಗಳು, ಯಾವ ದಿನ ಬಂದದ್ದೋ. ಹುಬ್ಬಳ್ಳಿಯವಳು ಬಗ್ಗಿ ಹಿಮದಿಂದ ಒಂದು ಕೊಂಬೆ ಎಳೆದಳು. ಆರು ತಿಂಗಳಾಗಿರಬಹುದು, ಸೂಜಿ ಎಲೆಗಳು ಇನ್ನೂ ಹಸಿರಾಗಿದ್ದವು. ಉಜ್ಜಿ ಮೂಸಿ ನೋಡಿ ನನ್ನ ಕೈಗೆ ಕೊಟ್ಟಳು. ಆಗತಾನೇ ಮುರಿದ ಹಾಗೆ ಘಮ್ ಅನ್ನುತ್ತಿತ್ತು.